ಎತ್ತರದ ಸಾಲಿನಲ್ಲಿ ಸಮುದ್ರಕ್ಕೆ

ನಿವೃತ್ತಿಯಾದ ಮೇಲೂ ನನಗೆ ತಲೆ ಎಣಿಸುವ ಚಟ ಬಿಟ್ಟಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೆ ಎದುರು ಸಾಲಿನವರನ್ನು ಎಣಿಸುತ್ತೇನೆ. ಬಸ್ ಹತ್ತಿದರೆ ಹತ್ತಿದವರನ್ನು, ಇಳಿದರೆ ಇಳಿದವರನ್ನು. ಒಬ್ಬರು ಕಡಿಮೆ ಬಿದ್ದರೆ ಎದ್ದು ನಿಂತು ಹುಡುಕುತ್ತೇನೆ, ಆಮೇಲೆ ಅವರು ಯಾರೋ, ನಾನು ಯಾರೋ ಎಂದು ನೆನಪಾಗುತ್ತದೆ. ನನ್ನ ಹೆಂಡತಿ, "ಇನ್ನಾದ್ರೂ ಸುಮ್ನೆ ಕೂತ್ಕಳಿ, ಯಾರೂ ಕಳ್ದೋಗಿಲ್ಲ" ಎನ್ನುತ್ತಾಳೆ. ಸುಮ್ಮನೆ ಕೂರುವುದನ್ನು ಯಾರೂ ನನಗೆ ಕಲಿಸಿಲ್ಲ.

ನಾನು ಹೈಸ್ಕೂಲಿನಲ್ಲಿ ಪೀಟಿ ಮೇಷ್ಟ್ರಾಗಿದ್ದವನು. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳನ್ನು ಬಿಟ್ಟು ಆಚೆ ಕೆಲಸ ಮಾಡಲಿಲ್ಲ. ಈಗ ಹೊಸದಾಗಿ ಈ ಕೆಲಸಕ್ಕೆ ಸೇರುವ ಹುಡುಗರು ಮೈಗಂಟುವ ಟೀಶರ್ಟು, ಒಳ್ಳೆಯ ಶೂ ಹಾಕಿಕೊಂಡು ಬರುತ್ತಾರೆ. ಕಬಡ್ಡಿ, ಖೋಖೋ ತಂಡ ಕಟ್ಟುತ್ತೇವೆ, ರಾಜ್ಯಮಟ್ಟಕ್ಕೆ ಹೋಗುತ್ತೇವೆ ಅಂದುಕೊಂಡಿರುತ್ತಾರೆ. ಅವರ ಉತ್ಸಾಹಕ್ಕೆ ತಣ್ಣೀರು ಎರಚಬೇಕೆಂದಲ್ಲ. ಆದರೆ ನಿಜ ಹೇಳಬೇಕಲ್ಲ. ಪೀಟಿ ಮೇಷ್ಟ್ರೆಂದರೆ ಸ್ಕೂಲಿನಲ್ಲಿ ಯಾರಿಗೂ ಬೇಡದ ಕೆಲಸಗಳನ್ನೆಲ್ಲ ಮಾಡುವವನು. ಪ್ರಾರ್ಥನೆಯ ಸಾಲು, ಬಿಸಿಯೂಟದ ಸಾಲು, ಜಯಂತಿಗಳಿಗೆ ಶಾಮಿಯಾನ, ಮಂತ್ರಿಗಳು ಬಂದರೆ ರಸ್ತೆ ಬದಿ ಮಕ್ಕಳನ್ನು ನಿಲ್ಲಿಸುವುದು. ಇವೆಲ್ಲದರ ಮೇಲೆ ವರ್ಷಕ್ಕೊಮ್ಮೆ ಬರುವ ದೊಡ್ಡ ಶಿಕ್ಷೆ, ಟೂರು.

ಟೂರಿಗೆ ಬೇಕಾದದ್ದು ನನ್ನ ಕತ್ತಿನಲ್ಲಿದ್ದ ಪೀಪಿ ಮತ್ತು ನನ್ನ ಎತ್ತರದ ಸಾಲು. ಎತ್ತರದ ಸಾಲೆಂದರೆ ಕುಳ್ಳಗಿರುವವರು ಮುಂದೆ, ಉದ್ದಗಿರುವವರು ಹಿಂದೆ. ಹೀಗೆ ನಿಲ್ಲಿಸಿದರೆ ಮುಂದೆ ನಿಂತ ನನಗೆ ಕೊನೆಯವರ ಮುಖವೂ ಕಾಣುತ್ತದೆ. ಯಾವ ಮಗು ಎಲ್ಲಿ ನಿಲ್ಲಬೇಕೆಂಬುದು ಆ ಮಗುವಿಗೇ ಗೊತ್ತಿರುತ್ತದೆ. ನಡುವೆ ಜಾಗ ಖಾಲಿ ಕಂಡರೆ ಯಾರು ಇಲ್ಲ ಎಂದು ಹೆಸರು ಕೂಗದೆಯೇ ತಿಳಿಯುತ್ತದೆ. ಬೇರೆ ಸ್ಕೂಲಿನವರು ಮಕ್ಕಳನ್ನು ಕುರಿಮಂದೆಯಂತೆ ಬಿಟ್ಟುಕೊಂಡು ಒದ್ದಾಡುವಾಗ ನನ್ನ ಸಾಲು ದಾರ ಕಟ್ಟಿದಂತೆ ಹೋಗುತ್ತಿತ್ತು. ಅದರ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ನಮ್ಮ ಟೂರು ಬಹಳ ಸಲ ಹೋದದ್ದು ಒಂದೇ ಜಾಗಕ್ಕೆ. ಸಮುದ್ರದ ದಂಡೆಯಲ್ಲಿರುವ ಒಂದು ಮ್ಯೂಸಿಯಂ. ಹಿಂದಿನ ಕಾಲದಲ್ಲಿ ಹಡಗಿನಲ್ಲಿ ದೇಶ ಹುಡುಕುತ್ತ ಹೊರಟವರ ಸಾಮಾನು, ದಿಕ್ಸೂಚಿ, ನಕ್ಷೆಗಳು ಒಂದು ಕಡೆ. ತಿಮಿಂಗಿಲದ ಮೂಳೆ, ಸೀಸೆಯಲ್ಲಿಟ್ಟ ಮೀನು, ಚಿಪ್ಪುಗಳು ಇನ್ನೊಂದು ಕಡೆ. ನಡುವೆ ಮಕ್ಕಳು ಹತ್ತಿ ಇಳಿಯುವಂಥ ಮರದ ಹಡಗು. ಇಷ್ಟು ದೂರದ ಬಯಲುಸೀಮೆಯವರು ಅಲ್ಲಿಗೇ ಏಕೆ ಹೋಗುತ್ತಿದ್ದೆವೆಂದರೆ, ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡಿನೊಳಗೆ ಹಾದು ಕೇರಳಕ್ಕಿಳಿದರೆ ನಮಗೆ ಹತ್ತಿರದ ಸಮುದ್ರ ಅದೇ. ಒಂದೇ ತೊಂದರೆ, ರಾತ್ರಿ ಒಂಬತ್ತಕ್ಕೆ ಕಾಡಿನ ಗೇಟು ಹಾಕಿಬಿಡುತ್ತಾರೆ. ಅಷ್ಟರೊಳಗೆ ವಾಪಸು ಬರದಿದ್ದರೆ ಬೆಳಗಿನವರೆಗೂ ಆಚೆ ಕಡೆಯೇ ಇರಬೇಕು. ಅದರಿಂದ ಮ್ಯೂಸಿಯಂನಲ್ಲಿ ನಾವು ಏನನ್ನೂ ನೋಡುತ್ತಿರಲಿಲ್ಲ, ದಾಟುತ್ತಿದ್ದೆವು ಅಷ್ಟೆ.

ಮೊದಲ ಸಲ ಹೋದಾಗ ನಾನು ಚಂದಕವಾಡಿಯ ಕಡೆಯ ಸ್ಕೂಲಿನಲ್ಲಿದ್ದೆ. ಟಿಕೆಟ್ ತೆಗೆದುಕೊಂಡು ತಿರುಗಿ ನೋಡುತ್ತೇನೆ, ಮಕ್ಕಳೆಲ್ಲ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ನಡೆದಿದ್ದಾರೆ. ನುಣುಪು ನೆಲ, ಮಂದ ದೀಪ, ಯಾರೂ ಜೋರಾಗಿ ಮಾತಾಡುವುದಿಲ್ಲ, ಇನ್ನೇನಿರುತ್ತದೆ, ದೇವಸ್ಥಾನ ತಾನೆ? ಹಡಗಿನ ಮೂತಿಗೆ ಕೆತ್ತಿದ್ದ ಮರದ ಹೆಂಗಸಿನ ಕಾಲ ಬಳಿ ಒಂದು ಹುಡುಗಿ ಮುಡಿದಿದ್ದ ಹೂವು ತೆಗೆದಿಟ್ಟು ಕೈ ಮುಗಿದಳು. ಅವಳ ಹಿಂದೆ ಬಂದವರು ಇಡೀ ಸಾಲು ಕೈ ಮುಗಿದರು. ನಾನೂ ಮುಗಿದೆ, ಅದು ಬೇರೆ ವಿಷಯ. ಹೊರಗೆ ಬಂದಾಗ ದಂಡೆಯ ನಾಯಿಗಳು ಚಪ್ಪಲಿಗಳನ್ನು ಕಚ್ಚಿಕೊಂಡು ಮರಳಿನ ಮೇಲೆ ಓಡಾಡುತ್ತಿದ್ದವು. ಸಿಕ್ಕಷ್ಟು ಆರಿಸಿಕೊಂಡೆವು. ಅರ್ಧ ಮಕ್ಕಳು ಒಂದೊಂದು ಕಾಲಿಗೆ ಒಂದೊಂದು ಬಗೆಯ ಚಪ್ಪಲಿ ಹಾಕಿಕೊಂಡು ಊರು ಸೇರಿದರು. ಅವರ ತಾಯಂದಿರು ನನ್ನನ್ನು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಆಗ ನಮ್ಮ ಹೆಡ್‌ಮೇಷ್ಟ್ರು ಪುಟ್ಟಸ್ವಾಮಿಗೌಡರು. ಒಳ್ಳೆಯವರೇ, ಆದರೆ ಬ್ಯಾನರಿನ ಹುಚ್ಚು. ಬಸ್ಸಿನಿಂದ ಇಳಿದ ಕೂಡಲೇ ಗೇಟಿನ ಮುಂದೆ ಬ್ಯಾನರ್ ಹಿಡಿಸಿ ಫೋಟೋ ತೆಗೆಸುತ್ತಿದ್ದರು. ಬಿಸಿಲಿಗೆ ಮಕ್ಕಳು ಕಣ್ಣು ಮುಚ್ಚಿದರೆ ಮತ್ತೆ ತೆಗೆಸುತ್ತಿದ್ದರು. ಅದರಲ್ಲೇ ಮುಕ್ಕಾಲು ಗಂಟೆ ಹೋಗುತ್ತಿತ್ತು. "ಸಾರ್, ಒಳಗೆ ನೋಡೋಕೆ ಟೈಮು ಸಾಕಾಗಲ್ಲ" ಎಂದೆ ಒಂದು ಸಲ. "ಒಳಗಡೆ ಇರೋದು ಎಲ್ಲಿಗೂ ಓಡೋಗಲ್ಲ ಕಣ್ರೀ. ಬ್ಯಾನರ್ ಸರಿಯಾಗ್ ಹಿಡ್ಸಿ" ಎಂದರು.

ಅಲ್ಲಿ ನಮಗೆ ಖಾಯಂ ಗೈಡ್ ಆಗಿದ್ದವನು ಶಶಿಧರನ್. ಮಲಯಾಳಿ. ಚಿಕ್ಕಂದಿನಲ್ಲಿ ಗುಂಡ್ಲುಪೇಟೆಯಲ್ಲಿ ಸೋದರಮಾವನ ಬೇಕರಿಯಲ್ಲಿ ಬೆಳೆದವನಾದ್ದರಿಂದ ಕನ್ನಡ ಬರುತ್ತಿತ್ತು. ನನ್ನನ್ನು ಮಲಯಾಳದವರ ರೀತಿಯಲ್ಲಿ 'ಮಾಷೇ' ಎಂದು ಕರೆಯುತ್ತಿದ್ದ. ಚಿಪ್ಪುಗಳ ಕೋಣೆಯಲ್ಲಿ ಅವನದೊಂದು ಆಟವಿತ್ತು. ಮಂಜು ಕವಿದಾಗ ಹಡಗಿಗೆ ಹಡಗು ಡಿಕ್ಕಿ ಹೊಡೆಯದಿರಲು ಹಿಂದಿನ ನಾವಿಕರು ಶಂಖ ಊದುತ್ತಿದ್ದರೆಂದು ಹೇಳಿ, ಒಂದು ಶಂಖ ತೆಗೆದು ಊದಿ ತೋರಿಸುತ್ತಿದ್ದ. ಬೇರೆ ಸ್ಕೂಲಿನ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರಂತೆ.

ನಮ್ಮ ಕಡೆಯ ಮಕ್ಕಳಿಗೆ ಶಂಖ ಎಂದರೆ ಏನೆಂದು ಅವನಿಗೇನು ಗೊತ್ತು? ನಮ್ಮಲ್ಲಿ ಶ್ರಾವಣದ ಶನಿವಾರ ದಾಸಯ್ಯ ಮನೆಬಾಗಿಲಿಗೆ ಬಂದು ಶಂಖ ಊದಿ ಜಾಗಟೆ ಬಡಿದರೆ, ಒಲೆ ಮುಂದೆ ಇರುವವರು ಅಲ್ಲಿಂದಲೇ, ಹಟ್ಟಿಯಲ್ಲಿ ಹಾಲು ಕರೆಯುವವರು ಅಲ್ಲಿಂದಲೇ 'ಗೋವಿಂದಾ' ಎಂದು ಕೂಗುತ್ತಾರೆ. ಅದು ಯೋಚಿಸಿ ಕೂಗುವುದಲ್ಲ, ಸೀನು ಬಂದ ಹಾಗೆ. ಶಶಿ ಶಂಖ ಊದಿದ. ಇಡೀ ಸಾಲು ಒಂದೇ ಗಂಟಲಿನಲ್ಲಿ "ಗೋ...ವಿಂದಾ!" ಎಂದಿತು. ಗಾಜುಗಳು ಗಲ್ಲೆಂದವು. ಶಶಿ ಶಂಖ ಕೈಬಿಡುವುದರಲ್ಲಿದ್ದ.

ಅಲ್ಲಿನ ದೊಡ್ಡ ಅಧಿಕಾರಿ ಮೇಲಿನಿಂದ ಓಡಿ ಬಂದರು. ಮಕ್ಕಳು ಹಾಸ್ಯ ಮಾಡುತ್ತಿದ್ದಾರೆಂದು ತಿಳಿದು ಇಂಗ್ಲಿಷಿನಲ್ಲಿ ನನ್ನ ಮೈಚಳಿ ಬಿಡಿಸಿದರು. ಶಿಸ್ತು ಕಲಿಸದ ನೀವೆಂಥ ಮೇಷ್ಟ್ರು ಎಂಬುದು ಅದರ ಸಾರಾಂಶ. ಶಿಸ್ತಿನ ಬಗ್ಗೆ ನನಗೇ ಹೇಳುತ್ತಾರಲ್ಲ ಎಂದು ಮೈಯೆಲ್ಲ ಉರಿಯಿತು. ಹೊರಗೆ ಬಂದ ಮೇಲೆ ಶಶಿಗೆ ನಮ್ಮ ದಾಸಯ್ಯರ ವಿಷಯ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಮಾಷೇ, ಮುಂದಿನ ವರ್ಷ ನಮ್ಮ ದೊಡ್ಡ ಸಾರ್ ಊಟಕ್ಕೆ ಹೋದ ಮೇಲೆ ಊದ್ತೇನೆ" ಎಂದ. ಹಾಗೇ ಮಾಡಿದ, ಪ್ರತಿ ವರ್ಷ.

ಕಾಲ ಬದಲಾಯಿತು. ಮೊದಲು ಬಸ್ ಹೊರಟರೆ ವಾಪಸು ಬರುವವರೆಗೆ ಊರಿನವರಿಗೆ ಸುದ್ದಿಯೇ ಇರುತ್ತಿರಲಿಲ್ಲ. ಈಗ ವಾಟ್ಸಾಪ್ ಗ್ರೂಪು. ಗುಂಡ್ಲುಪೇಟೆ ದಾಟಿದಿರಾ, ತಿಂಡಿ ಆಯಿತಾ, ನಮ್ಮ ಮಗ ಫೋಟೋದಲ್ಲಿ ಏಕಿಲ್ಲ. ಪುಟ್ಟಸ್ವಾಮಿಗೌಡರ ಒಂದು ಬ್ಯಾನರಿನ ಜಾಗದಲ್ಲಿ ಪ್ರತಿ ಗಾಜಿನ ಮುಂದೆಯೂ ಫೋಟೋ. ನಾನು ಒಂದು ಕಣ್ಣು ಫೋನಿಗೆ, ಇನ್ನೊಂದು ಸಾಲಿಗೆ ಕೊಟ್ಟು ನಡೆಯುತ್ತಿದ್ದೆ. ಮಂಡಿ ನೋವು ಶುರುವಾಗಿತ್ತು. ಕೊನೆಯ ವರ್ಷ ಹೆಡ್‌ಮಿಸ್ಸಿಗೆ, "ಈ ಸಲ ನನ್ನ ಬಿಟ್ಬಿಡಿ ಮೇಡಂ" ಎಂದು ಕೇಳಿಕೊಂಡೆ. "ನೀವಿಲ್ದೆ ಟೂರಾ ಸಾರ್?" ಎಂದರು. ಹೊಗಳಿದರೋ ಹೊರೆ ಹೊರಿಸಿದರೋ ತಿಳಿಯಲಿಲ್ಲ.

ಆಗ ನಾನಿದ್ದದ್ದು ಉಡಿಗಾಲದ ಕಡೆಯ ಒಂದು ಹೈಸ್ಕೂಲಿನಲ್ಲಿ. ಬೆಳಗಿನ ಜಾವ ಬಸ್ ಹೊರಡುವಾಗ ಮುದುಕರೊಬ್ಬರು ಬಾಗಿಲಿಗೆ ಬಂದು ನಿಂತರು. ಹಣೆಯಲ್ಲಿ ನಾಮ, ಹೆಗಲಿಗೆ ಜೋಳಿಗೆ. ಗೋಪಾಲಸ್ವಾಮಿ ಬೆಟ್ಟದ ಒಕ್ಕಲಿನ ರಂಗದಾಸಯ್ಯ. ಹತ್ತನೇ ಕ್ಲಾಸಿನ ಪವಿತ್ರಳ ತಾತ. ಜೋಳಿಗೆಯಿಂದ ಶಂಖ ತೆಗೆದು ನನ್ನ ಕೈಗಿತ್ತರು. ಹಳೆಯದು, ತುಟಿ ತಾಗುವ ಕಡೆ ಸವೆದು ನುಣ್ಣಗಾಗಿತ್ತು.

"ಸಾರ್, ಇದು ನಮ್ ಮುತ್ತಾತನ ಕಾಲದ್ದು. ಇದ್ರೊಳಗ ಒಂದ್ ಜೀವ ಇತ್ತಂತಲ್ಲ, ಅದು ಹೆಂಗಿತ್ತು ಅಂತ ನಾನ್ ಕಂಡಿಲ್ಲ, ನಮ್ಮಪ್ಪನೂ ಕಂಡಿರ್ನಿಲ್ಲ. ಅಲ್ಲಿ ಸೀಸೆ ಒಳಗ ಮಡಗವ್ರಂತ. ಹೋದ್ಸಲ ಹೋಗಿದ್ದ ಐಕ್ಳು ಹೇಳ್ದೊ. ನಮ್ ಪವಿತ್ರಂಗ ಒಸಿ ತೋರ್ಸ್ಬುಡಿ. ಅವ್ಳು ಬಂದು ನಂಗ ಹೇಳ್ತಾಳ."

"ಆಗ್ಲಿ ಬುಡಿ ದಾಸಯ್ಯೋರೆ" ಎಂದು ಶಂಖ ವಾಪಸು ಕೊಟ್ಟೆ.

ಅವರು ಕಿಟಕಿಯತ್ತ ತಿರುಗಿ, "ಚೆಂದಾಗ್ ನೋಡ್ಕಬಾ ಕಣಮ್ಮಿ. ಬಣ್ಣ ಏನು, ಕಣ್ಣದಾ, ಎಲ್ಲಾವ" ಎಂದರು. ಕೊನೆಯ ಸೀಟಿನಿಂದ ಪವಿತ್ರ ಕೈ ಆಡಿಸಿದಳು. ಸ್ಕೂಲಿಗೇ ಉದ್ದದ ಹುಡುಗಿ. ನನಗಿಂತ ಎರಡು ಬೆರಳು ಎತ್ತರ.

ಕಾಡು ಶುರುವಾಗುವ ಮುಂಚೆ ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟ ಮಂಜಿನಲ್ಲಿ ಕಂಡಾಗ ಮಕ್ಕಳು ಕೈ ಮುಗಿದವು. ಅಷ್ಟು ಹೊತ್ತಿಗೆ ಇಬ್ಬರು ವಾಂತಿ ಮಾಡಿಕೊಂಡಿದ್ದರು, ಒಬ್ಬನ ಬ್ಯಾಗು ಸ್ಕೂಲಿನಲ್ಲೇ ಉಳಿದಿತ್ತು. ದಾಸಯ್ಯರ ಮಾತು ನನ್ನ ತಲೆಯಿಂದ ಇಳಿದುಹೋಯಿತು.

ದಾರಿಯಲ್ಲಿ ಟೈರು ಕೈಕೊಟ್ಟಿದ್ದರಿಂದ ಮ್ಯೂಸಿಯಂ ತಲುಪಿದ್ದೇ ಮಧ್ಯಾಹ್ನ ಕಳೆದ ಮೇಲೆ. ಸಾಲು ಮಾಡಿದೆ, ಒಳಗೆ ಹೊಡೆದೆ. ಚಿಪ್ಪಿನ ಕೋಣೆಯ ಗಾಜಿನ ಪೆಟ್ಟಿಗೆಗಳು ಸೊಂಟದೆತ್ತರದವು. ನಾಲ್ಕು ಮಕ್ಕಳು ಸುತ್ತ ಬಗ್ಗಿದರೆ ಹಿಂದಿನವರಿಗೆ ತಲೆಗಳು ಬಿಟ್ಟು ಬೇರೇನೂ ಕಾಣದು. ಡ್ರೈವರ್ ನಂಜುಂಡ ಹೊರಗಿನಿಂದ ಹಾರ್ನ್ ಹೊಡೆಯುತ್ತಿದ್ದ. ನಾನು ಪೀಪಿ ಊದಿದೆ. ಸಾಲು ತಿರುಗಿತು, ಹಡಗಿನ ಪಕ್ಕದಿಂದ ಹೊರಗೆ ಬಂತು, ಬಸ್ ಹತ್ತಿತು. ಎಣಿಸಿದೆ. ಒಂದು ತಲೆ ಕಡಿಮೆ. ಮತ್ತೆ ಎಣಿಸಬೇಕಾಗಿರಲಿಲ್ಲ, ಕೊನೆಯ ಸೀಟು ಖಾಲಿ ಇತ್ತು.

"ಪವಿತ್ರ ಎಲ್ಲಮ್ಮಿ?" ಎಂದರೆ ಪಕ್ಕದ ಹುಡುಗಿ, "ನನ್ ಹಿಂದ್ಲೇ ಬತ್ತಿದ್ಲು ಸಾರ್" ಎಂದಳು. ಸಾಲಿನಲ್ಲಿ ಪವಿತ್ರಳ ಹಿಂದೆ ಯಾರೂ ಇರಲಿಲ್ಲ. ಅದರಿಂದ ನೋಡಿದವರೂ ಇರಲಿಲ್ಲ.

ಹೊಸ ಮೇಷ್ಟ್ರುಗಳೇ, ಮಗು ತಪ್ಪಿಸಿಕೊಂಡಾಗ ಮೊದಲು ಎಲ್ಲಿ ಹುಡುಕಬೇಕು ಎಂಬುದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಶೌಚಾಲಯ ನೋಡಿಸಿದೆ. ಐಸ್‌ಕ್ರೀಮ್ ಗಾಡಿಯ ಹತ್ತಿರ ನೋಡಿದೆ. ರಸ್ತೆಯ ಎರಡೂ ಕಡೆ ಓಡಿದೆ. ಆಮೇಲೆ ಉಳಿದದ್ದು ಒಂದೇ ದಿಕ್ಕು, ಆ ಕಡೆ ತಿರುಗುವ ಧೈರ್ಯ ಬರಲಿಲ್ಲ. ಸಮುದ್ರ ಅಲ್ಲೇ ಇತ್ತು, ಯಾವಾಗಲೂ ಇರುವ ಹಾಗೆ. ಮರಳಿನಲ್ಲಿ ನಿಂತು ಪೀಪಿ ಊದಿದೆ. ಅಲೆಗಳ ಸದ್ದಿನಲ್ಲಿ ನನ್ನ ಪೀಪಿ ನನಗೇ ಸರಿಯಾಗಿ ಕೇಳಲಿಲ್ಲ. ಜೀವಮಾನವೆಲ್ಲ ನಂಬಿದ ಸಾಮಾನು ಅದು. ಅವತ್ತು ಅದರ ಮೇಲೆ ಅಸಹ್ಯ ಹುಟ್ಟಿತು. ಆ ಮುದುಕರಿಗೆ ಏನು ಹೇಳಲಿ ಎಂಬ ಯೋಚನೆಯೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಒಳಗೆ ಬಾಗಿಲು ಹಾಕುವ ಹೊತ್ತಾಗಿತ್ತು. ನಾನು ಮತ್ತೆ ಹೋಗಿ ಕೋಣೆ ಕೋಣೆಯಲ್ಲಿ ಪೀಪಿ ಊದಿ, ಹೆಸರು ಹಿಡಿದು ಕೂಗಿದೆ. ಉತ್ತರವಿಲ್ಲ. ಕಾವಲುಗಾರರು ಪೊಲೀಸರಿಗೆ ಹೇಳೋಣ ಎಂದರು. ಆಗ ಶಶಿ, "ಒಂದು ನಿಮಿಷ ಮಾಷೇ. ನಿಮ್ಮ ಮಕ್ಕಳಿಗೆ ಪೀಪಿ ಬೇಡ" ಎಂದು ಚಿಪ್ಪಿನ ಕೋಣೆಗೆ ಹೋದ. ಶಂಖ ತಂದು ಹಜಾರದ ನಡುವೆ ನಿಂತು ಉಸಿರು ತುಂಬಿ ಊದಿದ.

ಹೊರಗೆ ಬಸ್ಸಿನಲ್ಲಿದ್ದ ಮಕ್ಕಳೆಲ್ಲ "ಗೋವಿಂದಾ!" ಎಂದರು. ಅದು ನಿಂತಿತು. ನಿಂತ ಮೇಲೆ, ನಮ್ಮ ಕಾಲ ಕೆಳಗಿನಿಂದ ಬಂದ ಹಾಗೆ, ಮರದ ಹಡಗಿನ ಹೊಟ್ಟೆಯೊಳಗಿನಿಂದ ಒಂದೇ ಒಂದು ದನಿ ಬಂತು. ಉದ್ದವಾಗಿ ಎಳೆದು, ರಾಗವಾಗಿ, ದಾಸಯ್ಯನ ಮನೆಯವರು ಅನ್ನುವ ಹಾಗೆಯೇ.

"ಗೋ...ವಿಂದಾ... ಗೋ...ವಿಂದ!"

ಹಡಗಿನ ಏಣಿಯ ಮೇಲೆ ಕೂತುಬಿಟ್ಟೆ. ಶಶಿ ಟಾರ್ಚ್ ಬಿಟ್ಟ. ಪೀಪಾಯಿಗಳ ಹಿಂದಿನಿಂದ ಪವಿತ್ರ ತಲೆ ತಗ್ಗಿಸಿಕೊಂಡು ಎದ್ದು ಬಂದಳು.

"ಇಲ್ಲೇ ಇದ್ದು ಯಾಕಮ್ಮಿ ಓ ಅನ್ನಲಿಲ್ಲ? ನನ್ ಪ್ರಾಣ ಹೋಗಿತ್ತಲ್ಲ!" ಎಂದು ಕಿರುಚಿದೆ.

"ಓ ಅಂದ್ರ ನೀವು ಕರ್ಕಂಡೋಗ್ಬುಡ್ತಿದ್ರಿ ಸಾರ್."

"ಮತ್ತೆ ಈಗ್ಯಾಕಂದೆ?"

"ಇದು ಮೋಸ ಕಣ್ ಸಾರ್" ಎಂದು ಅಳತೊಡಗಿದಳು. "ಶಂಖ ಊದುದ್ರ ಬಾಯ್ ಮುಚ್ಕಂಡಿರಕಾಯ್ತದಾ?"

ಶಶಿಗೆ ನಗು ತಡೆಯಲಾಗಲಿಲ್ಲ. ನನಗೆ ಹೊಡೆಯಬೇಕೆನ್ನಿಸಿತು, ತಬ್ಬಿಕೊಳ್ಳಬೇಕೆನ್ನಿಸಿತು, ಎರಡಕ್ಕೂ ತ್ರಾಣವಿರಲಿಲ್ಲ. ಅವಳು ಮಾತ್ರ ಶುರು ಮಾಡಿದವಳು ನಿಲ್ಲಿಸಲಿಲ್ಲ.

"ನಾನ್ ಉದ್ದ ಇವ್ನಿ ಅಂತ ಯಾವಾಗ್ಲೂ ಕೊನೇಲಿ ನಿಲ್ಲುಸ್ತೀರಿ. ನಾನ್ ಗಾಜಿನ ಹತ್ರ ಬರಷ್ಟೊತ್ಗ ನಿಮ್ ಪೀಪಿ ಆಯ್ತದ. ಎಂಟ್ನೇ ಕ್ಲಾಸಲ್ಲಿ ಮೈಸೂರಲ್ಲೂ ಹಂಗೇ ಆಯ್ತು, ಒಂಬತ್ನೇ ಕ್ಲಾಸಲ್ಲಿ ಇಲ್ಲೂ ಹಂಗೇ. ಮುಂದಿರೋರ ಜಡೆ ನೋಡ್ಕಂಡು ಮನೆಗ ಓಗದು. ಈ ಸಲ ಶಂಖದ ಸೀಸೆ ಹತ್ರ ನನ್ ಮುಂದ ಇನ್ನಿಬ್ರಿದ್ರು, ಅಷ್ಟೊತ್ಗೇ ಊದ್ಬುಟ್ರಿ. ಎಲ್ರೂ ಓದ್ಮ್ಯಾಲ ವಾಪಸ್ ಬಂದು ನೋಡನ ಅಂತ ನಾನ್ ಬಚ್ಚಿಟ್ಕಂಡಿದ್ದಿ. ತಾತಂಗ ಏನ್ ಹೇಳ್ಲಿ ಸಾರ್ ನಾನು?"

ಸಾಲು ದಾರ ಕಟ್ಟಿದಂತೆ ಇತ್ತು, ಆ ಎರಡು ವರ್ಷವೂ ಒಬ್ಬರೂ ಕಳೆದುಹೋಗಿರಲಿಲ್ಲ. ಎಣಿಕೆ ಸರಿಯಿದ್ದರೆ ಟೂರು ಸರಿಯಾಯಿತೆಂದು ಬಸ್ ಹತ್ತಿ ನಿದ್ದೆ ಮಾಡುತ್ತಿದ್ದವನು ನಾನು. ಹೊರಗೆ ನಂಜುಂಡ ಹಾರ್ನ್ ಒತ್ತಿ ಹಿಡಿದಿದ್ದ. ಗೇಟು, ಒಂಬತ್ತು ಗಂಟೆ, ವಾಟ್ಸಾಪ್ ಗ್ರೂಪಿನ ತಂದೆತಾಯಿಯರು, ಎಲ್ಲ ನೆನಪಾಯಿತು. ಪೀಪಿಯನ್ನು ಕತ್ತಿನಿಂದ ತೆಗೆದು ಜೇಬಿಗೆ ಹಾಕಿಕೊಂಡೆ.

"ಶಶಿ, ಆ ಸೀಸೆ ಒಂದ್ಸಲ ತೋರಿಸ್ತೀಯಾ?" ಎಂದೆ.

ಅವನು ಕೋಣೆಯ ದೀಪ ಹಾಕಿ, ಬೀಗ ತೆಗೆದು, ಸೀಸೆಯನ್ನೇ ಹೊರಗಿಟ್ಟ. ಪವಿತ್ರ ಮೊಣಕಾಲೂರಿ ಅದರ ಮುಂದೆ ಕೂತಳು. ಮುದ್ದೆಯಂಥ ಒಂದು ಜೀವ, ಬಣ್ಣ ಕಳೆದುಕೊಂಡಿತ್ತು. ನಮ್ಮ ಹೊಲದ ಬಸವನಹುಳುವಿನ ದೊಡ್ಡಣ್ಣನಂತೆ ಕಾಣುತ್ತಿತ್ತು. ಬದುಕಿದ್ದಾಗ ಇಟ್ಟಿಗೆ ಬಣ್ಣ ಇರುತ್ತದೆ, ಕೊಂಬಿನ ಬುಡದಲ್ಲಿ ಚಿಕ್ಕ ಕಣ್ಣಿರುತ್ತದೆ ಎಂದು ಶಶಿ ಹೇಳಿದ. ಪಾದಕ್ಕೆ ಅಂಟಿಕೊಂಡಿದ್ದ ಕಂದು ಬಿಲ್ಲೆಯೊಂದನ್ನು ತೋರಿಸಿ, "ಇದು ಅದರ ಬಾಗಿಲು. ಹೆದರಿಕೆ ಆದರೆ ಒಳಗೆ ಹೋಗಿ ಇದನ್ನು ಹಾಕಿಕೊಳ್ತದೆ" ಎಂದ. ಅವಳು ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಾನೂ ನೋಡಿದೆ. ಅಷ್ಟು ವರ್ಷ ಆ ಕೋಣೆಗೆ ಹೋಗಿ ಬಂದಿದ್ದೆ, ಅಂಥದೊಂದು ಸೀಸೆ ಅಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅವಳು ಸಾಕು ಎನ್ನುವವರೆಗೆ ಯಾರೂ ಅವಸರ ಮಾಡಲಿಲ್ಲ, ನಂಜುಂಡನ ಹಾರ್ನ್ ಒಂದನ್ನು ಬಿಟ್ಟು.

ಕಾಡಿನ ಗೇಟು ಮುಚ್ಚುವ ಹೊತ್ತಿಗೆ ಸರಿಯಾಗಿ ತೂರಿಕೊಂಡೆವು. ತಡವಾದದ್ದಕ್ಕೆ ಹೆಡ್‌ಮಿಸ್ಸು ಮುಖ ಊದಿಸಿಕೊಂಡದ್ದೂ, ಗ್ರೂಪಿನಲ್ಲಿ ಬೈಗುಳ ಬಿದ್ದದ್ದೂ ದೊಡ್ಡ ವಿಷಯವಲ್ಲ. ಎರಡು ದಿನ ಬಿಟ್ಟು ದಾಸಯ್ಯ ಸ್ಕೂಲಿನ ಮೈದಾನಕ್ಕೆ ಬಂದರು. ಬೇವಿನ ಮರದ ಕೆಳಗೆ ಕೂತು ಶಂಖವನ್ನು ತೊಡೆಯ ಮೇಲಿಟ್ಟುಕೊಂಡರು.

"ಸಾರ್, ಪವಿತ್ರ ಎಲ್ಲಾನೂ ಹೇಳುದ್ಲು. ಅದ್ಕೂ ಕಣ್ಣಿತ್ತಂತ. ಅದ್ಕೂ ಒಂದ್ ಬಾಗ್ಲಿತ್ತಂತ." ಶಂಖದ ಸವೆದ ತುದಿಯ ಮೇಲೆ ಬೆರಳಾಡಿಸಿದರು. "ಇಷ್ಟ್ ದಿನ ನಾವು ಅದ್ರ ಮನೆಗ ಬಾಯಿಟ್ಟು ಊದ್ಕಂಡು ತಿರುಗ್ದೊ. ಇನ್ಮ್ಯಾಕ ಊದ್ಬೋದಾ ಸಾರ್?"

"ನಂಗೇನ್ ಗೊತ್ತು ದಾಸಯ್ಯೋರೆ. ನಿಮ್ ಮೊಮ್ಮಗಳನ್ನೇ ಕೇಳಿ."

"ನಾನ್ ಕೇಳ್ದಿ. ಅದುನ್ನ ಒಂದ್ ಮಾತ್ ಕೇಳ್ಬುಟ್ಟು ಊದು ತಾತ ಅಂದ್ಲು."

ನಿವೃತ್ತಿಗೆ ಉಳಿದಿದ್ದ ಕೆಲವು ತಿಂಗಳು ಎತ್ತರದ ಸಾಲನ್ನು ನಾನು ಮೈದಾನಕ್ಕಷ್ಟೇ ಇಟ್ಟುಕೊಂಡೆ. ಹೊಸಬರಿಗೆ ಹೇಳುವುದೂ ಇಷ್ಟೇ. ಮಕ್ಕಳನ್ನು ಎಣಿಸಿ, ಎಣಿಸದೆ ಇರಬೇಡಿ. ಆದರೆ ಗಾಜಿನ ಮುಂದೆ ಒಮ್ಮೆ ಸಾಲನ್ನು ತಿರುಗಿಸಿ, ಹಿಂದಿನವರು ಮೊದಲು ನೋಡಲಿ. ಇದಕ್ಕೆ ಮೇಲಿನವರ ಅಪ್ಪಣೆ ಬೇಕಾಗಿಲ್ಲ.

ಈಗ ಚಾಮರಾಜನಗರದಲ್ಲಿದ್ದೇನೆ. ಪೀಪಿ ಎಲ್ಲಿದೆಯೋ ಗೊತ್ತಿಲ್ಲ. ಶ್ರಾವಣದ ಶನಿವಾರ ರಂಗದಾಸಯ್ಯ ನಮ್ಮ ಬೀದಿಗೂ ಬರುತ್ತಾರೆ. ಮೊದಲಾದರೆ ಬಂದ ಕೂಡಲೇ ಊದುವವರು, ಈಗ ಹಾಗಲ್ಲ. ಶಂಖವನ್ನು ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಏನೋ ಹೇಳುತ್ತಾರೆ, ಕಿವಿಗಿಟ್ಟುಕೊಂಡು ಕಾಯುತ್ತಾರೆ. ಬೀದಿಯ ಹುಡುಗರು ಮುದುಕನಿಗೆ ಅರಳುಮರಳು ಎಂದು ನಗುತ್ತಾರೆ. ಕೆಲವು ಸಲ ಬಹಳ ಹೊತ್ತು ಕಾಯುತ್ತಾರೆ. ಒಂದು ಶನಿವಾರ ಊದದೆಯೇ ಜೋಳಿಗೆಗೆ ಹಾಕಿಕೊಂಡು, ಬರಿ ಜಾಗಟೆ ಬಡಿದು ಹೋದದ್ದೂ ಉಂಟು. ಆದರೆ ಸಾಮಾನ್ಯವಾಗಿ ಒಪ್ಪಿಗೆ ಸಿಗುತ್ತದೆಂದು ಕಾಣುತ್ತದೆ, ಊದುತ್ತಾರೆ. ನಾನು ಕುರ್ಚಿಯಿಂದ ಏಳಲಾರದೆ ಅಲ್ಲಿಂದಲೇ 'ಗೋವಿಂದಾ' ಎನ್ನುತ್ತೇನೆ. ಆ ಹುಡುಗಿ ಹೇಳಿದ್ದು ನಿಜ, ಬಾಯಿ ಮುಚ್ಚಿಕೊಂಡಿರಲು ಆಗುವುದಿಲ್ಲ.